ನನ್ನ ಗಂಡನ ಎತ್ತರಕ್ಕೆ ಒಂದು ಬಾಲ್ ಮಿಲ್

ಮದುವೆಯ ದಿನ ನನ್ನ ಗಂಡನ ಕೊರಳಿಗೆ ಹಾರ ಹಾಕಲು ನಾನು ಸ್ಟೂಲ್ ಹತ್ತಬೇಕಾಯಿತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾನು ನಾಲ್ಕು ಅಡಿ ಹತ್ತಿಂಚು, ಅವರು ಆರು ಅಡಿ ಎರಡಿಂಚು. ನನ್ನ ಹೆಸರು ತುಂಗಮ್ಮ, ಅವರ ಹೆಸರು ಮರಿಯಪ್ಪ. ಹೆಸರಿಟ್ಟವರು ಇಬ್ಬರನ್ನೂ ಸರಿಯಾಗಿ ನೋಡದೆ ಇಟ್ಟಿದ್ದಾರೆ. ಆ ಹಲಸಿನ ಮರದ ಸ್ಟೂಲು ಇನ್ನೂ ನಮ್ಮ ಮನೆಯಲ್ಲಿದೆ. ಆದರೆ ಹನ್ನೊಂದು ವರ್ಷದಿಂದ ನನಗೆ ಅದು ಬೇಕಾಗಿರಲಿಲ್ಲ, ಏಕೆಂದರೆ ಅಷ್ಟೂ ವರ್ಷ ನನ್ನ ಗಂಡ ನೆಟ್ಟಗೆ ನಿಂತಿರಲಿಲ್ಲ.

ನಮ್ಮೂರಲ್ಲಿ ಆಕಾಶ ಇಳಿಯುತ್ತದೆ. ವರ್ಷಕ್ಕೆ ನಾಲ್ಕು ಬೆರಳೋ, ಒಂದು ಗೇಣೋ, ಬೀದಿಯಿಂದ ಬೀದಿಗೆ ವ್ಯತ್ಯಾಸ. ನಮ್ಮದು ಗಾಣದ ಬೀದಿ. ಊರಿನಲ್ಲೇ ಅತ್ಯಂತ ತಗ್ಗಿನ ಆಕಾಶ ನಮ್ಮದೇ. ಬಟ್ಟೆ ಒಣಹಾಕುವ ತಂತಿಯನ್ನು ಸೊಂಟದ ಎತ್ತರಕ್ಕೆ ಕಟ್ಟಿಕೊಂಡಿದ್ದೇವೆ. ಮೇಲೆ ಕಟ್ಟಿದರೆ ಬಿಳಿ ಪಂಚೆಗೆ ನೀಲಿ ಹತ್ತುತ್ತದೆ, ನಿಂಬೆಹಣ್ಣು ಉಜ್ಜಿದರೂ ಬಿಡುವುದಿಲ್ಲ. ಮೋಡದ ದಿನ ಕಿಟಕಿ ಹಾಕಲು ಮರೆತರೆ ಹಾಸಿಗೆಯೆಲ್ಲ ತೊಪ್ಪೆ. ಫ್ಯಾನುಗಳನ್ನು ಯಾವಾಗಲೋ ಬಿಚ್ಚಿ ಗುಜರಿಗೆ ಹಾಕಿದೆವು, ಎರಡು ವರ್ಷಕ್ಕೊಮ್ಮೆ ಮನೆಯ ಸೂರನ್ನು ಇಳಿಸುತ್ತೇವೆ. ಪರಊರಿನ ನೆಂಟರು ಬಗ್ಗದೆ ಬೀದಿಗೆ ಕಾಲಿಟ್ಟು ನೀಲಿ ತಲೆ ಮಾಡಿಕೊಂಡು, ಕಾಫಿ ಕುಡಿಯುವಷ್ಟು ಹೊತ್ತೂ ಕನ್ನಡಿ ನೋಡಿಕೊಳ್ಳುತ್ತಿರುತ್ತಾರೆ. ನಮಗೆ ಇದೆಲ್ಲ ಅಭ್ಯಾಸ.

ಬೀದಿಯ ಕೊನೆಯಲ್ಲಿ ಅಳತೆಯ ಕಂಬವಿದೆ. ಬೀದಿಯ ಪ್ರತಿಯೊಬ್ಬರ ಹೆಗಲಿನ ಎತ್ತರಕ್ಕೂ ಅದರಲ್ಲಿ ಒಂದೊಂದು ಗೆರೆ, ಪಕ್ಕದಲ್ಲಿ ಹೆಸರು. ಆಕಾಶ ಯಾರ ಗೆರೆಗೆ ಬಂದು ತಾಗುತ್ತದೋ ಅವರು ಬೀದಿ ಬಿಟ್ಟು ಹಳ್ಳದ ಕೇರಿಗೆ ಹೋಗಬೇಕು. ತಲೆ ತಾಗಿ ತಾಗಿ ಆಕಾಶ ಸವೆಯುತ್ತದೆ, ಸವೆದರೆ ಹರಿಯುತ್ತದೆ, ಅದಕ್ಕೇ ಈ ನಿಯಮ. ಹಳ್ಳದ ಕೇರಿಗೆ ಎಂಬತ್ತು ಮೆಟ್ಟಿಲು ಇಳಿಯಬೇಕು. ಅಲ್ಲಿ ಎತ್ತರದವರಿಗೆ ತಲೆಗೊಂದು ಕೋಣೆ, ಸಂಸಾರಕ್ಕೆ ಜಾಗವಿಲ್ಲ, ಗೋಡೆಯೆಲ್ಲ ಥಂಡಿ. ಹೀಗೆ ಒಬ್ಬೊಬ್ಬರೇ ಹೋಗಿ ಹೋಗಿ ಗಾಣದ ಬೀದಿಯಲ್ಲಿ ಉಳಿದವರೆಲ್ಲ ಕುಳ್ಳರೇ. ನನ್ನ ಗಂಡನೊಬ್ಬರೇ ಕೊನೆಯ ಉದ್ದದ ಮನುಷ್ಯ.

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಅವರು. ಬಗ್ಗಿಯೇ ಹೋಗುತ್ತಾರೆ, ಬಗ್ಗಿಯೇ ಪಾಠ ಮಾಡುತ್ತಾರೆ, ಬಗ್ಗಿಯೇ ಬರುತ್ತಾರೆ. ಮೊದಮೊದಲು ಅವರ ಮುಖ ನನ್ನ ಮುಖದ ಎದುರಿಗೇ ಬಂತಲ್ಲ ಎಂದು ನನಗೆ ಖುಷಿಯಾಗಿದ್ದು ಸುಳ್ಳಲ್ಲ. ಜಗಳಕ್ಕೂ ಅನುಕೂಲವಾಗಿತ್ತು. ಆಮೇಲೆ ಬೆನ್ನು ನೋವು ಶುರುವಾಯಿತು. ನಾನು ಟೈಲರ್, ಅವರ ಅಂಗಿಗಳನ್ನು ಬೆನ್ನು ಉದ್ದ, ಎದೆ ಗಿಡ್ಡ ಮಾಡಿ ಹೊಲಿಯುವುದು ನನಗೆ ರೂಢಿಯಾಯಿತು.

ಈ ವರ್ಷ ಅಳತೆಗಾರ ಹಾಲಪ್ಪ ಕಂಬಕ್ಕೆ ಸೀಮೆಸುಣ್ಣ ಹಚ್ಚಿ ನೋಡಿ, ನಮ್ಮ ಬಾಗಿಲಿಗೆ ಬಂದು ನಿಂತ. ಮುಖ ನೋಡಿದರೇ ಗೊತ್ತಾಯಿತು.

"ಮೇಷ್ಟ್ರಿಗೆ ನಾಲ್ಕು ಬೆರಳು ಉಳಿದೈತೆ ತುಂಗಕ್ಕ. ಎತ್ತುವ ದಿನದ ಹೊತ್ತಿಗೆ ಇನ್ನೂ ಇಳಿಯುತ್ತೆ. ಅವತ್ತು ಆಕಾಶ ಮೇಲಕ್ಕೆ ಹೋಗದಿದ್ರೆ ಉಳಿದಿದ್ದು ವರ್ಷಕ್ಕೆ ಸಾಲಲ್ಲ... ನನ್ ಕೈಲಿ ಏನೈತೆ ಹೇಳಿ."

ಎತ್ತುವ ದಿನಕ್ಕೆ ಎರಡು ತಿಂಗಳಿತ್ತು. ವರ್ಷಕ್ಕೊಮ್ಮೆ ನಡುಮಧ್ಯಾಹ್ನ ಪ್ರತಿ ಬೀದಿಯವರೂ ತಮ್ಮ ತಮ್ಮ ರಾಕೆಟ್ ಹೊಡೆದು ತಮ್ಮ ಆಕಾಶವನ್ನು ಮೇಲಕ್ಕೆ ತಳ್ಳುತ್ತಾರೆ. ಬಣ್ಣ, ಚಿತ್ತಾರ ಯಾರಿಗೂ ಬೇಡ. ತಳ್ಳುವ ಬಲ ಒಂದಿದ್ದರೆ ಸಾಕು. ನಮ್ಮ ಬೀದಿಯ ಮದ್ದು ಬೆರೆಸುವ ಹಕ್ಕು ದ್ಯಾವಣ್ಣನದು. ದೊಡ್ಡ ಮಾತು, ಸಣ್ಣ ರಾಕೆಟ್. ಹೋದ ವರ್ಷ ಅವನು ಬಿಟ್ಟ ಹನ್ನೊಂದರಲ್ಲಿ ಏಳು ಪುಸ್ಸೆಂದು ಹೋಗಿ ಆಕಾಶಕ್ಕೆ ಚುಚ್ಚಿಕೊಂಡು ಹಾಗೇ ನೇತಾಡಿದವು. ಆರು ತಿಂಗಳು ನಾವು ಅವುಗಳ ಬಾಲ ತಪ್ಪಿಸಿಕೊಂಡು ಓಡಾಡಿದೆವು.

"ನಿನ್ನ ಮದ್ದಲ್ಲಿ ಏನು ದೋಷ ಅಂತ ಒಂದ್ ಸಲನಾದ್ರೂ ನೋಡಿದೀಯಾ?" ಎಂದು ಅವನ ಮನೆಗೇ ಹೋಗಿ ಕೇಳಿದೆ.

"ಇದ್ದಿಲು ತರಿ ತರಿ ಇರುತ್ತೆ ಕಣಕ್ಕ, ಬೆಂಕಿ ನಿಧಾನ ಹಿಡಿಯುತ್ತೆ. ಮೇಲಿನ ಬೀದಿಯೋರ ಹತ್ರ ಒಳ್ಳೊಳ್ಳೆ ಬಾಲ್ ಮಿಲ್ ಐತೆ. ನಮ್ಮ ಹತ್ರ ಏನೈತೆ, ಒರಳು."

"ಇದ್ದಿಲು ನಾನು ಅರೆದು ಕೊಡ್ತೀನಿ."

"ನೀವಾ? ಬ್ಲೌಸ್ ಹೊಲೀರಕ್ಕ ನೀವು," ಎಂದು ನಕ್ಕ. ಆ ನಗು ನನ್ನನ್ನು ನೆಟ್ಟಗೆ ಮೇಲಿನ ಬಜಾರಿಗೆ ಕಳಿಸಿತು.

ಮೇಲಿನ ಬೀದಿಗಳಲ್ಲಿ ಮನೆಗೊಂದು ಬಾಲ್ ಮಿಲ್ ಇರುತ್ತದೆ, ಬೇರೆ ಊರುಗಳಲ್ಲಿ ಹಾರ್ಮೋನಿಯಂ ಇಟ್ಟುಕೊಂಡ ಹಾಗೆ. ಸಂಜೆ ಹೊತ್ತು ಜಗಲಿಯಲ್ಲಿ ಕೂತು ಹವ್ಯಾಸಕ್ಕೆಂದು ಅರೆಯುತ್ತಾರೆ, ಯಾರ ಪುಡಿ ನುಣುಪು ಎಂದು ಪಂದ್ಯ ಕಟ್ಟುತ್ತಾರೆ. ಅಂಥದ್ದೇನೂ ದೊಡ್ಡ ಯಂತ್ರವಲ್ಲ: ಅಡ್ಡ ಮಲಗಿಸಿದ ಒಂದು ಡಬ್ಬ, ಒಳಗೆ ಗುಂಡುಗಳು, ತಿರುಗಿಸಲು ಒಂದು ಮೋಟಾರು. ಗುಂಡು ಉರುಳಿ ಬಿದ್ದು, ಸಿಕ್ಕಿದ್ದನ್ನು ಜಜ್ಜುತ್ತದೆ. ಇಷ್ಟು ನೋಡಿ ನಾನು, ಓ, ಇಷ್ಟೇನಾ, ಅಂದುಕೊಂಡೆ. ಅಲ್ಲೇ ಇತ್ತು ನನ್ನ ದಡ್ಡತನ.

ಮೊದಲನೆಯದನ್ನು ಡಾಲ್ಡಾ ಡಬ್ಬದಲ್ಲಿ ಮಾಡಿದೆ. ನನ್ನ ಹೊಲಿಗೆ ಮಷೀನಿನ ಮೋಟಾರು, ಒಳಗೆ ಗೋಲಿಗಳು. ಕೂರಿಸಲು ಆ ಮದುವೆಯ ಸ್ಟೂಲು. ಹಿತ್ತಲಲ್ಲಿ ಇಟ್ಟು ಚಾಲೂ ಮಾಡಿದರೆ ಬೀದಿಯ ನಾಯಿಗಳೆಲ್ಲ ಊಳಿಟ್ಟವು. ಎರಡು ದಿನಕ್ಕೆ ಗೋಲಿಗಳೇ ಪುಡಿಯಾಗಿ ಇದ್ದಿಲಲ್ಲಿ ಬರೀ ಗಾಜಿನ ಚೂರು. ಅದನ್ನೆಲ್ಲ ಗುಂಡಿ ತೋಡಿ ಹೂತೆ.

ಎರಡನೆಯ ಸಲ ಗುಜರಿಯ ಬಾಬಾಜಾನ್ ಸಾಬರ ಹತ್ತಿರ ಹೋದೆ. ಅವರ ಅಂಗಡಿ ಮೇಲಿನ ಬಜಾರಿನಲ್ಲೇ ಇದೆ, ಆದರೂ ನಮ್ಮ ಬೀದಿಯವರೆಂದರೆ ಅವರಿಗೆ ಒಂಥರಾ ಕನಿಕರ. ಅವರ ತಮ್ಮ ಹಳ್ಳದ ಕೇರಿಯಲ್ಲಿದ್ದಾನೆ. ನಾನು ಸೈಕಲ್ಲಿನ ಉಕ್ಕಿನ ಗುಂಡು ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಉಕ್ಕು ಬೇಡಮ್ಮ. ಉಕ್ಕಿಗೆ ಉಕ್ಕು ತಾಗಿದ್ರೆ ಕಿಡಿ ಹಾರುತ್ತೆ. ಆಕಾಶದ ಬದಲು ನೀವೇ ಮೇಲಕ್ಕೆ ಹೋಗ್ತೀರ. ಇದು ತಗೊಳ್ಳಿ, ಸೀಸ. ಮೀನಿನ ಬಲೆಗೆ ಕಟ್ಟೋ ಗುಂಡು. ಮೆತ್ತಗಿರುತ್ತೆ, ಭಾರ ಇರುತ್ತೆ. ಮುಟ್ಟಿದ ಮೇಲೆ ಕೈ ತೊಳ್ಕೊಳ್ಳಿ."

ಅವರೇ ಒಂದು ದಪ್ಪ ಪ್ಲಾಸ್ಟಿಕ್ ಡ್ರಮ್ಮು ಹುಡುಕಿ ಕೊಟ್ಟರು. ಒಳಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಅಂಟಿಸಿದೆ. ಆಹಾ, ಎಷ್ಟು ಚೆಂದದ ಡ್ರಮ್ಮು! ಆದರೆ ಹೊಲಿಗೆ ಮಷೀನಿನ ಮೋಟಾರು ಆ ಭಾರ ಎಳೆಯದೆ ಸುಟ್ಟು ಹೊಗೆ ಬಂತು. ಹಾಗಾಗಿ ಮೂರನೆಯ ಸಲ ಹೋಗಿ ನೀರೆತ್ತುವ ಪಂಪಿನ ಮೋಟಾರು ತಂದೆ, ಅದಕ್ಕೆ ದೊಡ್ಡ ಪುಲ್ಲಿ ಹಾಕಿಸಿದೆ. ದೊಡ್ಡ ಪುಲ್ಲಿ ಎಂದರೆ ಹೆಚ್ಚು ವೇಗ. ಹೊಲಿಗೆಯವಳ ಬುದ್ಧಿ ನನ್ನದು: ಮಷೀನು ಎಷ್ಟು ಓಡಿದರೆ ಅಷ್ಟು ಕೆಲಸ. ಡ್ರಮ್ಮಿನ ತುಂಬ ಗುಂಡು, ಗುಂಡಿನ ಸಂದಿಯ ತುಂಬ ಇದ್ದಿಲು. ಸ್ವಿಚ್ಚು ಒತ್ತಿದರೆ ಸದ್ದೇ ಇಲ್ಲ. ಸುಂಯ್ ಎಂದು ಒಂದೇ ಸಮನೆ ತಿರುಗುತ್ತಿತ್ತು. ನೆರೆಹೊರೆಯವರನ್ನು ಕರೆದು ಕರೆದು ತೋರಿಸಿದೆ. "ಮೇಲಿನ ಬೀದಿಯೋರದು ಗಡಗಡ ಅನ್ನುತ್ತೆ, ನಂದು ನೋಡಿ, ಮಗು ಮಲಗಿದ್ರೂ ಏಳಲ್ಲ," ಅಂದೆ. ಎಲ್ಲರೂ ಮೆಚ್ಚಿದರು.

ಎಂಟು ಹಗಲು ತಿರುಗಿಸಿದೆ. ತೆಗೆದು ಬೆರಳಲ್ಲಿ ಉಜ್ಜಿದರೆ ತರಿ. ಇನ್ನೂ ಎಂಟು ಹಗಲು. ಮತ್ತೂ ತರಿ. ಅದರಲ್ಲೇ ದ್ಯಾವಣ್ಣ ಒಂದು ಪರೀಕ್ಷೆಯ ರಾಕೆಟ್ ಕಟ್ಟಿ ಬಿಟ್ಟ. ಅದು ನಮ್ಮ ಮನೆಯ ಮುಂದೆಯೇ ಆಕಾಶಕ್ಕೆ ಚುಚ್ಚಿಕೊಂಡು, ಬಾಗಿಲಿಗೆ ಅಡ್ಡವಾಗಿ ಜೋತುಬಿತ್ತು.

"ಹೋದ್ ವರ್ಷ ನಂದೂ ಹಿಂಗೇ ನಿಂತಿತ್ತಲ್ವಾ ಅಕ್ಕ?" ಎಂದ ದ್ಯಾವಣ್ಣ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ನನ್ನ ಗಂಡ ಹಳ್ಳದ ಕೇರಿಗೆ ಹೋಗಿ ಕೋಣೆ ನೋಡಿಕೊಂಡು ಬಂದರು. ನನಗೆ ಹೇಳದೇ ಹೋಗಿದ್ದರು. ಬಂದು ಮಂಚದ ತುದಿಯಲ್ಲಿ ಕೂತು, "ಪರವಾಗಿಲ್ಲ ತುಂಗಾ, ಕಿಟಕಿ ಇದೆ," ಎಂದರು.

"ಕಿಟಕಿ ಇದ್ಯಂತೆ! ನಾನೇನು ಕಿಟಕಿ ಕಟ್ಕೊಂಡು ಸಂಸಾರ ಮಾಡ್ಲಾ?"

"ಭಾನುವಾರ ನೀನೇ ಇಳಿದು ಬರಬಹುದು."

"ನಿಮ್ಮಮ್ಮ? ಎಂಬತ್ನಾಲ್ಕು ವರ್ಷದೋರು ಎಂಬತ್ತು ಮೆಟ್ಟಿಲು ಇಳೀತಾರಾ?"

ಅವರು ಪೆಟ್ಟಿಗೆಗೆ ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಜೋಡಿಸಿದರು. ನಾನು ಹಿತ್ತಲಿಗೆ ಹೋಗಿ ಮಿಲ್ಲಿನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಳು ನನ್ನ ಜಾಯಮಾನವಲ್ಲ, ಆದರೂ ಅತ್ತೆ. ಪಕ್ಕದಲ್ಲಿ ಆ ಹಾಳಾದ ಡ್ರಮ್ಮು ಸುಂಯ್ ಎಂದು ತಿರುಗುತ್ತಲೇ ಇತ್ತು.

ಹಿತ್ತಲಿನ ಬಾಗಿಲಲ್ಲಿ ನಮ್ಮತ್ತೆ ಕೆಂಚಮ್ಮ ಕೋಲೂರಿಕೊಂಡು ನಿಂತಿದ್ದರು. ನನಗೂ ಅವರಿಗೂ ಅಷ್ಟಕ್ಕಷ್ಟೆ. ಸಾರಿಗೆ ಹುಳಿ ಹೆಚ್ಚಾಯಿತು ಎಂಬಲ್ಲಿಂದ ಶುರುವಾದದ್ದು ಮೂವತ್ತು ವರ್ಷದಿಂದ ನಡೆದೇ ಇದೆ. ಕಿವಿ ಬೇರೆ ಮಂದ. ಅವರು ಸ್ವಲ್ಪ ಹೊತ್ತು ತಲೆ ಓರೆ ಮಾಡಿಕೊಂಡು ನಿಂತು, "ಅದು ಅರೀತಾ ಇಲ್ಲ ಕಣೇ. ಸುಮ್ನೆ ತಿರುಗ್ತಾ ಐತೆ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಬಾಗಿಲು ಬಡಿದ್ರೇ ನಿಮಗೆ ಕೇಳಲ್ಲ. ಇದು ಕೇಳ್ತಾ?"

"ಬಾಗಿಲು ಬಡಿಯೋದನ್ನ ಯಾವಳು ಕೇಳ್ತಾಳೆ. ಅರೆಯೋದನ್ನ ಅರವತ್ತು ವರ್ಷ ಕೇಳಿದೀನಿ. ರಾಗಿ ಕಲ್ಲಿಗೆ ಸಿಕ್ಕಿದ್ರೆ ಒಂದು ದನಿ, ಸಿಗದೆ ಬರೀ ಕಲ್ಲು ಸುತ್ತಿದ್ರೆ ಒಂದು ದನಿ. ಇದು ಬರೀ ಸುತ್ತೋ ದನಿ. ನಿಲ್ಸು ನೋಡಾಣ."

ಅವರ ಬಾಯಿ ಮುಚ್ಚಿಸಲೆಂದೇ ಸ್ವಿಚ್ಚು ಆರಿಸಿದೆ. ಡ್ರಮ್ಮು ನಿಧಾನವಾಯಿತು, ಇನ್ನೂ ನಿಧಾನವಾಯಿತು. ಇನ್ನೇನು ನಿಲ್ಲಬೇಕು ಅನ್ನುವಾಗ ಒಳಗೆ ಧಡಲ್ ಎಂದು ಒಂದೇ ಸಲ ಎಲ್ಲವೂ ಬಿದ್ದ ಸದ್ದು. ಸ್ಟೂಲು ಅಲ್ಲಾಡಿತು. ಅಷ್ಟು ದಿನವೂ ನಿಲ್ಲಿಸುವಾಗ ಆ ಸದ್ದು ಬಂದಿತ್ತು. ನಾನು ಅದನ್ನು ಸದ್ದು ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅಯ್ಯೋ ದೇವರೇ! ಹದಿನಾರು ಹಗಲು ನನ್ನ ಗುಂಡುಗಳು ಬಿದ್ದೇ ಇಲ್ಲ. ಆ ವೇಗಕ್ಕೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ಅದರ ಜೊತೆಗೇ ಸುಮ್ಮನೆ ಸುತ್ತಿವೆ. ಬಿದ್ದರಲ್ಲವೇ ಜಜ್ಜುವುದು? ಬೀಳಲು ಒಳಗೆ ಜಾಗವಾದರೂ ಎಲ್ಲಿತ್ತು, ಕತ್ತಿನವರೆಗೆ ತುಂಬಿದ್ದೆನಲ್ಲ. ಸದ್ದಿಲ್ಲ ಎಂದು ಬೀದಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದೆ. ಸದ್ದಿಲ್ಲದ್ದಕ್ಕೆ ಕಾರಣ, ಒಳಗೆ ಕೆಲಸವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಾಬಾಜಾನ್ ಸಾಬರ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ದೊಡ್ಡ ಪುಲ್ಲಿ ವಾಪಸು ಕೊಟ್ಟು ಚಿಕ್ಕದು ತಂದೆ. ಸಾಬರು ಆಶ್ಚರ್ಯದಿಂದ, "ಎಲ್ರೂ ದೊಡ್ಡದು ಕೇಳ್ತಾರೆ, ನೀವು ಚಿಕ್ಕದಾ?" ಎಂದರು. "ನಮ್ಮತ್ತೆ ಹೇಳಿದಾರೆ," ಅಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

ಮನೆಗೆ ಬಂದು ಅರ್ಧ ಗುಂಡುಗಳನ್ನು ತೆಗೆದೆ, ಇದ್ದಿಲನ್ನೂ ಕಮ್ಮಿ ಮಾಡಿದೆ. ಅತ್ತೆಗೆ ಪಕ್ಕದಲ್ಲಿ ಮಣೆ ಹಾಕಿದೆ. ಅವರು ಒಂದು ಕಿವಿಯನ್ನು ಡ್ರಮ್ಮಿನ ಕಡೆ ಕೊಟ್ಟು, ಕೋಲಿನಿಂದ ನೆಲ ಕುಟ್ಟುತ್ತ ಅಪ್ಪಣೆ ಕೊಡತೊಡಗಿದರು. "ಇನ್ನೂ ಓಡ್ತಾ ಐತೆ. ಕಮ್ಮಿ ಮಾಡು... ಹೂಂ, ಈಗ ತೂಕಡಿಸ್ತಾ ಐತೆ, ಸ್ವಲ್ಪ ಎಚ್ಚರ ಮಾಡು... ಇನ್ನೊಂಚೂರು..." ಬೆಲ್ಟು ಬಿಗಿದು ಸಡಿಲಿಸಿ, ಎರಡು ಸಲ ಪುಲ್ಲಿ ಬದಲಿಸಿ ನನ್ನ ಕೈಯೆಲ್ಲ ಕಪ್ಪಾಯಿತು. ಕಡೆಗೆ ಒಳಗಿನಿಂದ ಜರಜರ, ಜರಜರ ಎಂದು ಬಿಡದೆ ಸುರಿಯುವ ಸದ್ದು ಬಂತು. ಅತ್ತೆಯ ಕೋಲು ನಿಂತಿತು.

"ಇದು. ಇದು ಅರೆಯೋದು ಅಂದ್ರೆ," ಎಂದರು.

ಮೂರೇ ದಿನ. ಮುಚ್ಚಳ ತೆಗೆದರೆ ಕಾಡಿಗೆ! ಬೆರಳಿಟ್ಟರೆ ತಾಗಿದ್ದೇ ಗೊತ್ತಾಗಲಿಲ್ಲ, ಬೆರಳಿನ ಗೆರೆಗಳಲ್ಲೆಲ್ಲ ತುಂಬಿಕೊಂಡಿತು. ಒಂದು ಚಿಟಿಕೆಯನ್ನು ನೀರಿಗೆ ಹಾಕಿದೆ, ಮುಳುಗದೆ ಮೇಲೆಯೇ ಹರಡಿ ನಿಂತಿತು. ನಾನು ಆನಂದ ತಡೆಯಲಾರದೆ ಹಿತ್ತಲಲ್ಲಿ ಎರಡು ಸುತ್ತು ಕುಣಿದೆ. ಅತ್ತೆ ಬೆರಳ ತುದಿಗೆ ಅದೇ ಪುಡಿ ತಗೊಂಡು, ಕರೆದು, ನನ್ನ ಕೆನ್ನೆಗೆ ಒಂದು ಬೊಟ್ಟಿಟ್ಟರು. "ದೃಷ್ಟಿ ಆಗುತ್ತೆ. ಮೇಲಿನ ಬೀದಿಯೋರ ಕಣ್ಣು ಸರಿ ಇಲ್ಲ," ಎಂದರು. ನನಗೆ ಮತ್ತೆ ಅಳು ಬಂತು, ಈ ಸಲ ಬೇರೆ ಅಳು.

ದ್ಯಾವಣ್ಣನಿಗೆ ಕೊಟ್ಟಾಗ ಅವನು ಡಬ್ಬಿಯ ಮುಚ್ಚಳ ತೆಗೆದು ಬೆರಳಲ್ಲಿ ಉಜ್ಜಿ ನೋಡಿದ. ಬೆರೆಸುವ ಹಕ್ಕು ಅವನದೇ, ಅದರಲ್ಲಿ ನಾನು ಕೈ ಹಾಕಲಿಲ್ಲ. ಆದರೆ ಹನ್ನೊಂದು ರಾಕೆಟ್ಟಿನಲ್ಲಿ ಕಡೆಯ ಎರಡಕ್ಕೆ ಮಾತ್ರ ನನ್ನ ಇದ್ದಿಲು, ಉಳಿದದ್ದಕ್ಕೆ ತನ್ನದೇ, ಎಂದು ಪಟ್ಟು ಹಿಡಿದ. ಎರಡಾದರೆ ಎರಡು ಎಂದೆ. ಮನೆಗೆ ಬಂದು ಬಿಳಿ ಪಾಪ್ಲಿನ್ ಬಟ್ಟೆ ಹಾಸಿ, ನನ್ನ ಗಂಡನಿಗೆ ಒಂದು ಹೊಸ ಅಂಗಿ ಕತ್ತರಿಸಿದೆ. ಬೆನ್ನು ಎಷ್ಟೋ ಎದೆಯೂ ಅಷ್ಟೇ. ನೆಟ್ಟಗೆ ನಿಲ್ಲುವವರ ಅಂಗಿ.

ಎತ್ತುವ ದಿನ ಬಂತು. ಕಂಬದಲ್ಲಿ ಒಂದೂವರೆ ಬೆರಳು ಉಳಿದಿತ್ತು. ನಿಯಮದಂತೆ ಬೀದಿಯವರೆಲ್ಲ ನೆಲದ ಮೇಲೆ ಕೂತೆವು. ನನ್ನ ಗಂಡನ ಪೆಟ್ಟಿಗೆ ಬಾಗಿಲಲ್ಲಿ ರೆಡಿಯಾಗಿತ್ತು. ಬಗ್ಗಿದ ಬೆನ್ನಿಗೆ ಹೊಸ ಅಂಗಿಯ ಬೆನ್ನು ಮೇಲೆ ಸೆಳೆದು, ಎದೆಯ ಹತ್ತಿರ ಬಟ್ಟೆ ಮುದುಡಿ ಜೋಲುತ್ತಿತ್ತು. ಕತ್ತಿನ ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆಂದು ತೆರೆದೇ ಬಿಟ್ಟಿದ್ದರು. "ಅಳತೆ ತಪ್ಪಿದೆಯಲ್ಲ ತುಂಗಾ," ಎಂದರು ಮೆಲ್ಲಗೆ. "ಇಪ್ಪತ್ತೆಂಟು ವರ್ಷದಿಂದ ಹೊಲೀತಿದೀನಿ. ನನ್ನ ಅಳತೆ ತಪ್ಪಲ್ಲ. ಸುಮ್ನೆ ಕೂತ್ಕೊಳ್ಳಿ," ಎಂದೆ.

ದ್ಯಾವಣ್ಣ ಒಂದೊಂದಾಗಿ ಹಚ್ಚಿದ. ಮೊದಲನೆಯದು ಪುಸ್. ಎರಡನೆಯದು ಪುಸ್. ಒಂಬತ್ತರಲ್ಲಿ ನಾಲ್ಕು ಚುಚ್ಚಿಕೊಂಡು ನಿಂತವು, ಮೂರು ತಿರುಗಿ ಬಿದ್ದವು, ಎರಡು ಹೇಗೋ ಅರ್ಧ ಬೆರಳು ಎತ್ತಿದವು. ಹಾಲಪ್ಪ ಕಂಬ ನೋಡಿ ತಲೆ ತಗ್ಗಿಸಿದ. ನನ್ನ ಗಂಡ ಕೈ ಚಾಚಿ ಪೆಟ್ಟಿಗೆಯ ಹಿಡಿ ಮುಟ್ಟಿ ನೋಡಿಕೊಂಡರು. ಹಿಂದಿನಿಂದ ಅತ್ತೆಯ ಕೋಲು ನನ್ನ ಬೆನ್ನಿಗೆ ತಿವಿಯಿತು. "ಗಾಬರಿ ಬೀಳ್ಬೇಡ. ಸರಿಯಾಗಿ ಅರೆದಿದೀವಿ," ಎಂದರು.

ಹತ್ತನೆಯದಕ್ಕೆ ಬೆಂಕಿ ಹಚ್ಚಿದ್ದು ಕಂಡಿತು, ರಾಕೆಟ್ ಹೋದದ್ದು ಕಾಣಲಿಲ್ಲ. ಢಮ್ ಎಂದು ಒಂದು ಹೊಡೆತ. ಕಿವಿಯಲ್ಲಿ ಗುಂಯ್. ಗಾಣದ ಬೀದಿಯ ಆಕಾಶ ಈ ತುದಿಯಿಂದ ಆ ತುದಿಯವರೆಗೆ ಕುಲುಕಿತು, ಹಳೆಯ ರಾಕೆಟ್ಟಿನ ಕಡ್ಡಿಗಳೆಲ್ಲ ಪಟಪಟ ಉದುರಿದವು, ಆಮೇಲೆ ಅದು ಮೇಲಕ್ಕೆ ಹೋಯಿತು. ಹೋಗುತ್ತಲೇ ಇತ್ತು. ಹಾಲಪ್ಪ ಕಂಬದ ಗೆರೆಗಳನ್ನು ಓದತೊಡಗಿದ. "ಮೇಷ್ಟ್ರ ಹೆಗಲು ದಾಟ್ತು! ಐದೂವರೆ ಅಡಿ ದಾಟ್ತು! ಆರು!" ಅಷ್ಟರಲ್ಲಿ ಹನ್ನೊಂದನೆಯದಕ್ಕೂ ದ್ಯಾವಣ್ಣ ಬೆಂಕಿ ಇಟ್ಟ. ಇನ್ನೊಂದು ಢಮ್. ಹಾಲಪ್ಪನ ಕಂಬವೇ ಮುಗಿದುಹೋಯಿತು. ಅವನು ಸೀಮೆಸುಣ್ಣ ಹಿಡಿದುಕೊಂಡು, ಗೆರೆ ಎಳೆಯಲು ಜಾಗವಿಲ್ಲದೆ, ಬಾಯಿ ಬಿಟ್ಟು ಮೇಲೆ ನೋಡುತ್ತ ನಿಂತ.

ಆಮೇಲೆ ಎದ್ದಿತು ನೋಡಿ ಕೂಗು! ಟೊಪ್ಪಿಗೆ ಎಸೆದರು, ಟವೆಲ್ ಎಸೆದರು. ಎಸೆದದ್ದು ಅಂಟಿಕೊಳ್ಳದೆ ವಾಪಸು ಬಿತ್ತಲ್ಲ ಎಂದು ಮತ್ತೊಮ್ಮೆ ಎಸೆದರು. ದ್ಯಾವಣ್ಣ ಓಡಿ ಬಂದು ನನ್ನೆದುರು ನಿಂತು, "ಅಕ್ಕ, ಬರೋ ವರ್ಷ ಹನ್ನೊಂದಕ್ಕೂ ನಿಮ್ದೇ," ಎಂದ. "ಬ್ಲೌಸ್ ಹೊಲಿಯೋ ಕೆಲಸ ಇರುತ್ತಪ್ಪ ನಂಗೆ, ನೋಡಾಣ," ಎಂದೆ. ನಾನು ಅಷ್ಟಾದರೂ ಅನ್ನಬಾರದೇ?

ಎಲ್ಲರೂ ಈಗ ನನ್ನ ಗಂಡನನ್ನು ನೋಡುತ್ತಿದ್ದರು. ಅವರು ಇನ್ನೂ ಕೂತೇ ಇದ್ದರು. "ಏಳೋ ಮರಿ," ಎಂದರು ಅತ್ತೆ. ಅವರು ಎದ್ದರು, ರೂಢಿಯಂತೆ ಬಗ್ಗಿಯೇ. ಒಂದು ಕೈ ಮೇಲೆತ್ತಿ ತಡವಿ ನೋಡಿದರು. ಏನೂ ಸಿಗಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ, ಒಂದೊಂದೇ ಮೂಳೆಯನ್ನು ಕೇಳಿ ಕೇಳಿ ಎತ್ತಿದ ಹಾಗೆ, ನೆಟ್ಟಗಾದರು. ಬೆನ್ನು ಲಟಲಟ ಎಂದದ್ದು ಇಡೀ ಬೀದಿಗೆ ಕೇಳಿಸಿತು. ಅಂಗಿ ತಾನಾಗಿ ಕೆಳಗಿಳಿದು ಮೈಗೆ ಸರಿಯಾಗಿ ಕೂತಿತು, ಒಂದು ಸುಕ್ಕಿಲ್ಲ. ನಾನು ಕತ್ತೆತ್ತಿದೆ. ಗಲ್ಲದ ಕೆಳಗಿನ ಆ ಹಳೆಯ ಮಚ್ಚೆ ಕಂಡಿತು. ಹನ್ನೊಂದು ವರ್ಷದಿಂದ ಅದನ್ನು ಮರೆತೇಬಿಟ್ಟಿದ್ದೆ.

"ತುಂಗಾ," ಎಂದರು ಅಷ್ಟು ಮೇಲಿನಿಂದ, "ಕತ್ತಿನ ಗುಂಡಿ ಹಾಕ್ತೀಯಾ? ಈಗ ಉಸಿರು ಕಟ್ಟಲ್ಲ."

ನಾನು ತುದಿಗಾಲಲ್ಲಿ ನಿಂತೆ. ಎಟುಕಲಿಲ್ಲ. ಕೂಡಲೇ ಹಿತ್ತಲಿಗೆ ಓಡಿ, ಮಿಲ್ಲನ್ನು ಎತ್ತಿ ನೆಲಕ್ಕಿಟ್ಟು, ಸ್ಟೂಲನ್ನು ಬೀದಿಯ ನಡುವೆ ತಂದಿಟ್ಟು ಹತ್ತಿದೆ. ಜನರೆಲ್ಲ ನಕ್ಕರು, ಅವರೂ ನಕ್ಕರು, ಗುಂಡಿ ಎರಡು ಸಲ ತಪ್ಪಿತು. ಹಾಕಿಯೇ ಇಳಿದೆ. ಮಿಲ್ಲು ಇವತ್ತಿಗೂ ನೆಲದ ಮೇಲೇ ಇದೆ. ಅದಕ್ಕೆ ಬೇರೆ ಏನಾದರೂ ನೋಡಬೇಕು, ಸ್ಟೂಲು ನನಗೆ ಬೇಕು.